ಅಡುಗೆಮನೆಯ ಮೂರು ಫೇಸ್: ಸ್ವಿಚ್ ಹಾಕುವ ಮುನ್ನ



ಕಾಚಿಗುಡ, ಸುಲ್ತಾನ್ ಬಜಾರ್‌ನಿಂದ ಹೈಟೆಕ್ ಸಿಟಿಯವರೆಗೆ ಹೋಟೆಲು, ಕ್ಯಾಂಟೀನು ನಡೆಸುವ ಕನ್ನಡಿಗರು ನಮ್ಮ ಹೈದರಾಬಾದಿನಲ್ಲಿದ್ದೀರಿ. ಇಂದಿನ ಮಾತು ನಿಮಗಾಗಿ. ಹೊಸ ಯಂತ್ರ ಬಂದ ದಿನ ಪೂಜೆಗೆ ನಿಂಬೆಹಣ್ಣು ತಪ್ಪದೆ ನೆನಪಾಗುತ್ತದೆ, ಅದರ ನೇಮ್‌ಪ್ಲೇಟ್ ಓದುವುದು ಮಾತ್ರ ಮರೆತುಹೋಗುತ್ತದೆ!

ನಮ್ಮಲ್ಲಿ ಫೇಸ್‌ನಿಂದ ಫೇಸ್‌ಗೆ 415 ವೋಲ್ಟ್, ಫೇಸ್‌ನಿಂದ ನ್ಯೂಟ್ರಲ್‌ಗೆ 240 ಎಂಬುದು ಬಹುಕಾಲದ ಲೆಕ್ಕ. 1956ರ ವಿದ್ಯುತ್ ನಿಯಮಗಳು ಇದರಲ್ಲಿ ಶೇಕಡಾ 6ರಷ್ಟು ಏರಿಳಿತವನ್ನು ಒಪ್ಪಿದ್ದವು. ಅಂದರೆ ಸುಮಾರು 390ರಿಂದ 440. ಯುರೋಪಿನ ಯಂತ್ರದ ಮೇಲೆ 400 ಎಂದಿದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ. ಅಗ್ಗಕ್ಕೆ ಸಿಕ್ಕಿತೆಂದು ತಂದ ಅಮೆರಿಕದ ಹಳೆಯ ಓವನ್‌ನಲ್ಲಿ 208 ವೋಲ್ಟ್, 60 ಹರ್ಟ್ಸ್ ಎಂದಿದ್ದರೆ ಅಲ್ಲಿಯೇ ನಿಲ್ಲಿ. ವೋಲ್ಟೇಜ್ ಎರಡು ಪಟ್ಟಾದರೆ ಕಾಯಿಲ್‌ನ ಶಾಖ ನಾಲ್ಕು ಪಟ್ಟಾಗುತ್ತದೆ, ಕಾಯಿಲ್ ಸುಟ್ಟುಹೋಗುತ್ತದೆ. ಟ್ರಾನ್ಸ್‌ಫಾರ್ಮರ್ ಹಾಕಿ ವೋಲ್ಟೇಜ್ ಇಳಿಸಬಹುದು, ಆದರೆ ಅದು ನಮ್ಮ 50 ಹರ್ಟ್ಸನ್ನು 60 ಮಾಡುವುದಿಲ್ಲ.

ವೋಲ್ಟೇಜ್ ಕಡಿಮೆಯಾದರೂ ನಷ್ಟವೇ. 415ರ ಇಡ್ಲಿ ಸ್ಟೀಮರ್‌ಗೆ 360 ಸಿಕ್ಕರೆ ಮುಕ್ಕಾಲು ಪಾಲು ಶಾಖವಷ್ಟೇ. ಇಡ್ಲಿ ತಡವಾಗಿ ಬೆಂದರೆ ಹಿಟ್ಟು ರುಬ್ಬಿದವರನ್ನು ಬೈಯುವ ಮೊದಲು ಇದನ್ನು ನೋಡಿ.

ಅಳೆಯುವುದು ಹೇಗೆ? ಬೋರ್ಡು ತೆರೆಯುವ ಕೆಲಸ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ದು, ನಮ್ಮದಲ್ಲ. ಆದರೆ ಏನನ್ನು ಅಳೆಯಬೇಕೆಂದು ಕೇಳುವುದು ಮಾಲೀಕರ ಹಕ್ಕು. ಟೆಸ್ಟರ್‌ನಲ್ಲಿ ದೀಪ ಹತ್ತಿದರೆ ಕರೆಂಟು ಇದೆ ಎಂದಷ್ಟೇ ಗೊತ್ತಾಗುತ್ತದೆ, ಎಷ್ಟಿದೆ ಎಂದಲ್ಲ. ಮೀಟರ್ ಹಿಡಿದು ಫೇಸ್‌ಗಳ ನಡುವೆ ಮೂರು, ಪ್ರತಿ ಫೇಸ್ ಮತ್ತು ನ್ಯೂಟ್ರಲ್ ನಡುವೆ ಮೂರು, ಕೊನೆಗೆ ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಒಂದು, ಹೀಗೆ ಏಳು ಅಂಕಿ ಬರೆಸಿಕೊಳ್ಳಿ. ಖಾಲಿ ಅಡುಗೆಮನೆಯಲ್ಲಿ ಒಮ್ಮೆ. ಗ್ರೈಂಡರ್, ಫ್ರಿಜ್, ಎಕ್ಸಾಸ್ಟ್ ಎಲ್ಲ ಓಡುತ್ತಿರುವಾಗ ಯಂತ್ರದ ಬಳಿಯೇ ಇನ್ನೊಮ್ಮೆ. ಮೇನ್ ಬೋರ್ಡಿನಲ್ಲಿ ಸರಿಯಿದ್ದು ಯಂತ್ರದ ಬಳಿ ಬಹಳ ಇಳಿದಿದ್ದರೆ ಕೇಬಲ್ ಸಣ್ಣದು, ಇಲ್ಲವೇ ಎಲ್ಲೋ ಜಾಯಿಂಟ್ ಸಡಿಲ. ಎರಡೂ ಕಡೆ ಇಳಿದಿದ್ದರೆ ದೂರು ವಿದ್ಯುತ್ ಕಂಪನಿಗೆ. ಮೇ ತಿಂಗಳ ಸಂಜೆ, ಬೀದಿಯ ಏಸಿಗಳೆಲ್ಲ ಓಡುವ ಹೊತ್ತಿನಲ್ಲಿ ಅಳೆದರೆ ನಿಜಸ್ಥಿತಿ ತಿಳಿದೀತು.

ಮೂರು ಫೇಸ್‌ಗಳು ಹತ್ತಿರಹತ್ತಿರ ಇವೆಯೇ ಎಂಬುದೂ ಮುಖ್ಯ. 415, 410, 390 ಬಂತೆನ್ನಿ. ಸರಾಸರಿ 405. ಅದರಿಂದ ಅತಿ ದೂರದ ಅಂಕಿ 15 ವೋಲ್ಟ್ ಕೆಳಗಿದೆ, ಸುಮಾರು ಶೇಕಡಾ 3.7. ಸಣ್ಣದೆನಿಸುತ್ತದೆ, ಆದರೆ ಮೋಟಾರಿನ ಕರೆಂಟಿನಲ್ಲಿ ಈ ವ್ಯತ್ಯಾಸ ಹಲವು ಪಟ್ಟು ಹಿಗ್ಗಿ ವೈಂಡಿಂಗ್ ಬಿಸಿಯಾಗುತ್ತದೆ. ಶೇಕಡಾ 5 ದಾಟಿದರೆ ಮೋಟಾರು ಓಡಿಸಲೇಬಾರದು. ಒಂದು ಫೇಸ್ ಪೂರ್ತಿ ಹೋದರೂ ಓಡುತ್ತಿದ್ದ ಮೋಟಾರು ಗೊಂಯ್ ಎನ್ನುತ್ತ ತಿರುಗುತ್ತಲೇ ಇದ್ದು ಸುಟ್ಟುಕೊಳ್ಳಬಹುದು. ಸಿಂಗಲ್ ಫೇಸ್ ಪ್ರಿವೆಂಟರ್ ಇರುವುದು ಅದಕ್ಕಾಗಿಯೇ.

ನನಗೆ ಎಲ್ಲಕ್ಕಿಂತ ಹೆದರಿಕೆ ಸಡಿಲ ನ್ಯೂಟ್ರಲ್‌ನದು. ಅದು ಕಡಿದರೆ 240ರ ಮಿಕ್ಸಿಗೆ, ಬಿಲ್ಲಿಂಗ್ ಕಂಪ್ಯೂಟರಿಗೆ 350, 400 ಬರಬಹುದು. ದೀಪಗಳು ಒಂದು ಕಡೆ ಮಂಕಾಗಿ ಇನ್ನೊಂದು ಕಡೆ ಝಗ್ಗೆಂದರೆ ಕಾರಣ ಹುಡುಕುತ್ತ ನಿಲ್ಲಬೇಡಿ, ಮೊದಲು ಮೇನ್ ಆಫ್ ಮಾಡಿ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿ.