ಒಂದೇ ಆಸ್ತಿಯ ದಾಖಲೆ ತಿದ್ದುಪಡಿಯಾಗದೆ ನಿಂತಾಗ: ಸದಸ್ಯರು ಕೇಳಬೇಕಾದ ಮೂರು ಪ್ರಶ್ನೆಗಳು

(ಗ್ರಾಮ ಪಂಚಾಯತಿ ಸದಸ್ಯರ ತರಬೇತಿಯಲ್ಲಿ ನೀಡಿದ ಉಪನ್ಯಾಸದ ಪಠ್ಯ)

ಹೊಸಪೇಟೆ ಹಾಗೂ ಹಂಪಿ ಭಾಗದ, ನೆರೆಯ ಬಳ್ಳಾರಿ ಜಿಲ್ಲೆಯ ಸಂಡೂರು ಮತ್ತು ಕಂಪ್ಲಿ ತಾಲ್ಲೂಕುಗಳ ಮಾನ್ಯ ಗ್ರಾಮ ಪಂಚಾಯತಿ ಸದಸ್ಯರೇ,

ತಂದೆಯ ನಿಧನಾನಂತರ ಮನೆಯ ಖಾತೆಯನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಲು ಬಂದ ಮಗಳಿಗೆ “ಸರ್ವರ್ ಸಮಸ್ಯೆ, ನಾಳೆ ಬನ್ನಿ” ಎಂಬ ಉತ್ತರ ದೊರೆಯುವುದನ್ನು ತಾವು ಕಂಡಿದ್ದೀರಿ. ಅಗತ್ಯ ನಮೂನೆಗಳು ಕೈಸೇರದಿದ್ದರೆ ಆಕೆಯ ಸಾಲದ ಅರ್ಜಿಯೂ ನೋಂದಣಿಯೂ ನಿಲ್ಲುತ್ತವೆ. ಕೊನೆಗೆ ಆಕೆ ಬರುವುದು ತಮ್ಮ ಬಾಗಿಲಿಗೆ. ಆದಕಾರಣ ಆ ಉತ್ತರದ ಹಿಂದೇನಿದೆ ಎಂಬುದನ್ನು ತಾವು ಅರಿತಿರಬೇಕು.

ಇ-ಸ್ವತ್ತಿನಂತಹ ತಂತ್ರಾಂಶಗಳಲ್ಲಿ ದಾಖಲೆಗಳು ಡೇಟಾಬೇಸ್‌ನಲ್ಲಿರುತ್ತವೆ. ಹಳೆಯ ರಿಜಿಸ್ಟರಿನಲ್ಲಿದ್ದಂತೆ ಅಲ್ಲಿಯೂ ದಾಖಲೆಗಳು ಸಾಲು ಸಾಲಾಗಿ ಇರುತ್ತವೆ. ಒಬ್ಬರು ಒಂದು ಸಾಲನ್ನು ತಿದ್ದಲಾರಂಭಿಸಿದೊಡನೆ ಡೇಟಾಬೇಸ್ ಅದಕ್ಕೆ ಬೀಗ ಹಾಕುತ್ತದೆ. ಇಬ್ಬರು ಏಕಕಾಲಕ್ಕೆ ಬೇರೆ ಬೇರೆ ಮಾಲೀಕರ ಹೆಸರು ಬರೆಯದಿರಲೆಂದು ಈ ವ್ಯವಸ್ಥೆ. ತಿದ್ದುಪಡಿ ಪೂರ್ಣಗೊಂಡಾಗ ಬೀಗ ತೆರೆಯುತ್ತದೆ. ಆದರೆ ನಡುವೆ ಸಂಪರ್ಕ ಕಡಿದೋ, ತಂತ್ರಾಂಶದ ದೋಷದಿಂದಲೋ ಮೊದಲ ತಿದ್ದುಪಡಿ ಮುಗಿಯದೆ ಉಳಿದರೆ, ನಂತರ ಬಂದವರೆಲ್ಲರೂ ಬೀಗದ ಮುಂದೆ ಕಾಯುತ್ತಾರೆ. ಮೈಎಸ್‌ಕ್ಯೂಎಲ್‌ನ ಸಾಮಾನ್ಯ ವ್ಯವಸ್ಥೆಯಲ್ಲಿ ಈ ಕಾಯುವಿಕೆಗೆ 50 ಸೆಕೆಂಡುಗಳ ಮಿತಿಯಿದೆ. ಪೋಸ್ಟ್‌ಗ್ರೆಸ್‌ನಲ್ಲಿ ನಾವಾಗಿ ಮಿತಿ ವಿಧಿಸದಿದ್ದರೆ ಕೊನೆಯೇ ಇಲ್ಲ.

ಆದ್ದರಿಂದ ಕಚೇರಿಯಲ್ಲಿ ಮೂರು ಪ್ರಶ್ನೆ ಕೇಳಿರಿ.

1. ದಾಖಲೆ ನೋಡಲು ತೆರೆದುಕೊಳ್ಳುತ್ತದೆಯೇ, ಉಳಿಸುವಾಗ ಮಾತ್ರ ನಿಲ್ಲುತ್ತದೆಯೇ?
2. ಅದೇ ಗ್ರಾಮದ ಬೇರೊಂದು ಆಸ್ತಿಯ ತಿದ್ದುಪಡಿ ಸರಾಗವಾಗಿ ಉಳಿಯುತ್ತದೆಯೇ?
3. ಬೇರೆ ಗಣಕಯಂತ್ರದಿಂದ ಪ್ರಯತ್ನಿಸಿದರೂ ಅದೇ ದಾಖಲೆ ನಿಲ್ಲುತ್ತದೆಯೇ?

ಮೂರಕ್ಕೂ “ಹೌದು” ಎಂದಾದರೆ ದೋಷ ಅಂತರ್ಜಾಲದ್ದಾಗಲಿ ಇಡೀ ಸರ್ವರ್‌ನದ್ದಾಗಲಿ ಇರುವ ಸಂಭವ ಕಡಿಮೆ. ಆ ಒಂದು ಸಾಲಿಗೆ ಬೀಗ ಬಿದ್ದಿರುವ ಸಂಭವವೇ ಹೆಚ್ಚು. ಯಾವ ಆಸ್ತಿಯೂ ಉಳಿಯದಿದ್ದರೆ ಮಾತ್ರ “ಸರ್ವರ್ ಸಮಸ್ಯೆ” ಎಂಬ ಮಾತಿಗೆ ಅರ್ಥವುಂಟು.

ಇಂತಹ ಸಂದರ್ಭದಲ್ಲಿ ಉಳಿಸುವ ಗುಂಡಿಯನ್ನು ಪದೇ ಪದೇ ಒತ್ತುವುದರಿಂದ ಕಾಯುವವರ ಸರದಿ ಬೆಳೆಯಬಹುದೇ ಹೊರತು ಬೀಗ ತೆರೆಯದು. ನಮ್ಮ ಗಣಕಯಂತ್ರವನ್ನು ಆರಿಸಿ ಹೊತ್ತಿಸಿದರೂ ದೂರದ ಸರ್ವರ್‌ನಲ್ಲಿರುವ ಬೀಗ ಹಾಗೆಯೇ ಉಳಿಯಬಹುದು. ಎಲ್ಲಕ್ಕಿಂತ ಅಪಾಯಕರವಾದುದು, ಬೇಸತ್ತು ಅದೇ ಮನೆಗೆ ಹೊಸದಾಗಿ ಮತ್ತೊಂದು ದಾಖಲೆ ಸೃಷ್ಟಿಸುವುದು. ಒಂದು ಮನೆಗೆ ಎರಡು ಖಾತೆಯಾದರೆ ಇಂದಿನ ವಿಳಂಬ ನಾಳಿನ ವ್ಯಾಜ್ಯವಾಗುತ್ತದೆ.

ಬದಲಿಗೆ ಆಸ್ತಿಯ ಸಂಖ್ಯೆ, ಪ್ರಯತ್ನಿಸಿದ ದಿನಾಂಕ ಮತ್ತು ವೇಳೆ, ಪರದೆಯ ಚಿತ್ರ ಹಾಗೂ ಮೂರು ಪ್ರಶ್ನೆಗಳ ಉತ್ತರವನ್ನು ಪಂಚಾಯತಿ ಅಭಿವೃದ್ಧಿ ಅಧಿಕಾರಿಗಳ ಮೂಲಕ ತಾಂತ್ರಿಕ ವಿಭಾಗಕ್ಕೆ ಲಿಖಿತವಾಗಿ ಕಳುಹಿಸುವಂತೆ ಕೋರಿರಿ. ಯಾರು ಬೀಗ ಹಿಡಿದಿದ್ದಾರೆ, ಯಾರು ಕಾಯುತ್ತಿದ್ದಾರೆ ಎಂಬುದನ್ನು ಡೇಟಾಬೇಸ್ ತಾನೇ ತೋರಿಸುತ್ತದೆ. ವೇಳೆ ತಿಳಿದಿದ್ದರೆ ತಜ್ಞರ ಹುಡುಕಾಟ ಸುಲಭ. ಅವರು ನಿಂತುಹೋದ ಸಂಪರ್ಕವನ್ನು ಕೊನೆಗೊಳಿಸಿದರೆ, ಅರ್ಧಕ್ಕೆ ನಿಂತ ತಿದ್ದುಪಡಿ ರದ್ದಾಗಿ ದಾಖಲೆ ಹಿಂದಿನ ಸ್ಥಿತಿಗೆ ಮರಳುತ್ತದೆ. ಆದಕಾರಣ ಹೆಸರನ್ನು ಪರಿಶೀಲಿಸಿ, ತಿದ್ದುಪಡಿಯನ್ನು ಕ್ರಮಬದ್ಧವಾಗಿ ಮತ್ತೊಮ್ಮೆ ಮಾಡಿಸುವುದು ಅವಶ್ಯಕ.

ಮಾನ್ಯರೇ, ತಾವು ಗಣಕಯಂತ್ರ ತಜ್ಞರಾಗಬೇಕಿಲ್ಲ. “ನಾಳೆ ಬನ್ನಿ” ಎಂಬ ಮಾತಿನ ಬದಲು ಅರ್ಜಿದಾರರ ಕೈಗೆ ಸ್ವೀಕೃತಿ ಪತ್ರ ಮತ್ತು ದೂರಿನ ದಿನಾಂಕ ದೊರೆಯುವಂತೆ ನೋಡಿಕೊಂಡರೆ, ಆ ಮಗಳ ಅಲೆದಾಟ ಅರ್ಧ ತಪ್ಪಿದಂತೆ.