ಪರದೆಯ ಮುಂದೆ ತಡವರಿಸುವ ಮಕ್ಕಳು



ದೊಡ್ಡಬಳ್ಳಾಪುರದಲ್ಲಾಗಲಿ ಹೊಸಕೋಟೆಯಲ್ಲಾಗಲಿ ನೀವು ಇಂಥ ಹುಡುಗನನ್ನು ನೋಡಿಯೇ ಇರುತ್ತೀರಿ. ಮದ್ರಸಾದಲ್ಲಿ ಉಸ್ತಾದರು ಹೇಳಿಕೊಟ್ಟ ಸೂರಾವನ್ನು ಕೇಳಿ ಕೇಳಿಯೇ ತಪ್ಪಿಲ್ಲದೆ ಒಪ್ಪಿಸುತ್ತಾನೆ. ವಿದ್ಯಾರ್ಥಿವೇತನದ ಅರ್ಜಿ ತುಂಬಲು ಕಂಪ್ಯೂಟರ್ ಮುಂದೆ ಕೂರಿಸಿದರೆ ಮಾತ್ರ ತಡವರಿಸುತ್ತಾನೆ. ಮನೆಯಲ್ಲಿ ನಾವು 'ಸೋಮಾರಿ' ಎಂದುಬಿಡುತ್ತೇವೆ. ಅದು ಡಿಸ್ಲೆಕ್ಸಿಯಾ ಇರಬಹುದು. ಬುದ್ಧಿ ಕಡಿಮೆಯೆಂದಲ್ಲ, ಕಣ್ಣಿನ ದೋಷವೂ ಅಲ್ಲ. ಅಕ್ಷರವನ್ನು ಅದರ ಧ್ವನಿಗೆ ಜೋಡಿಸುವ ಕೆಲಸ ಮೆದುಳಿನಲ್ಲಿ ನಿಧಾನವಾಗುತ್ತದೆ, ಅಷ್ಟೆ.

ಓದುವಾಗ ನಮ್ಮ ಕಣ್ಣು ಸಾಲಿನ ಮೇಲೆ ಜಾರುತ್ತಾ ಹೋಗುವುದಿಲ್ಲ. ಜಿಗಿಯುತ್ತದೆ, ಸುಮಾರು ಕಾಲು ಸೆಕೆಂಡು ನಿಲ್ಲುತ್ತದೆ, ಮತ್ತೆ ಜಿಗಿಯುತ್ತದೆ. ಡಿಸ್ಲೆಕ್ಸಿಯಾ ಇರುವವರ ಕಣ್ಣು ಹೆಚ್ಚು ಕಡೆ, ಹೆಚ್ಚು ಹೊತ್ತು ನಿಲ್ಲುತ್ತದೆ. ಓದಿದ ಪದಕ್ಕೇ ಮತ್ತೆ ಮರಳುತ್ತದೆ. ಪುಸ್ತಕದಲ್ಲಾದರೆ ಬೆರಳಿಟ್ಟು ಸಾಲು ಹಿಡಿಯಬಹುದು. ವೆಬ್‌ಸೈಟಿನಲ್ಲಿ ಎಡಗಡೆ ಉದ್ದನೆಯ ಪಟ್ಟಿ, ಮೇಲೆ ಓಡುವ ಸುದ್ದಿ, ನಡುವೆ ಮಿನುಗುವ 'ಹೊಸದು'. ಕಣ್ಣು ಎಲ್ಲಿ ಇಳಿಯಬೇಕು? ನೀವು ಮೇಲಿಂದ ಮೇಲೆ ಕಣ್ಣಾಡಿಸಿ ಬೇಕಾದ ಪದವನ್ನು ಹೆಕ್ಕುತ್ತೀರಿ. ಆ ಹೆಕ್ಕುವುದೇ ಇವರಿಗೆ ಕಷ್ಟ. ಕೊನೆಗೆ ಸೊಟ್ಟ ಅಕ್ಷರಗಳ ಕ್ಯಾಪ್ಚಾ ಬೇರೆ! ಯಂತ್ರವನ್ನು ತಡೆಯಲು ಹೊರಟವರು ನಮ್ಮ ಹುಡುಗನನ್ನು ತಡೆದಿದ್ದಾರೆ.

ನಮ್ಮ ಮಕ್ಕಳಿಗೆ ಇನ್ನೊಂದು ಹೊರೆಯಿದೆ. ಕನ್ನಡ, ಇಂಗ್ಲಿಷ್ ಎಡದಿಂದ ಬಲಕ್ಕೆ. ಉರ್ದು, ಅರಬ್ಬಿ ಬಲದಿಂದ ಎಡಕ್ಕೆ. ಕನ್ನಡದ ದ, ಧ, ಥಗಳ ನಡುವೆ ಸಣ್ಣ ಗೆರೆ, ಚುಕ್ಕೆಗಳ ವ್ಯತ್ಯಾಸ. ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ. ಉರ್ದುವಿನ ಬೇ, ಪೇ, ತೇಗಳಿಗೆ ಒಡಲು ಒಂದೇ, ಚುಕ್ಕೆಗಳಷ್ಟೇ ಬೇರೆ. ಹಾಗೆಂದು ಒಂದು ಭಾಷೆಯನ್ನು ಬಿಡಿಸಲು ಹೋಗಬೇಡಿ. ಹಲವು ಭಾಷೆ ಕಲಿತದ್ದರಿಂದ ಡಿಸ್ಲೆಕ್ಸಿಯಾ ಬರುವುದಿಲ್ಲ.

ಸ್ಪೇನಿನ ಸಂಶೋಧಕಿ ಲುಸ್ ರೆಯೊ ಮತ್ತು ಸಂಗಡಿಗರು 2013ರಲ್ಲಿ ಡಿಸ್ಲೆಕ್ಸಿಯಾ ಇರುವ 48 ಜನರ ಕಣ್ಣಿನ ಚಲನೆ ಅಳೆದರು. ಓರೆ ಅಕ್ಷರ ಓದಿಗೆ ತೊಡಕಾಯಿತು. ಹೆಲ್ವೆಟಿಕಾದಂಥ ಸರಳ ಅಕ್ಷರ ಅನುಕೂಲವಾಯಿತು. ನಮ್ಮ ಸಂಘದ ನೋಟಿಸುಗಳಲ್ಲೂ ಇದನ್ನು ಪಾಲಿಸಬಹುದಲ್ಲವೆ? ಸಾಲುಗಳ ನಡುವೆ ಜಾಗ ಬಿಡೋಣ, ಓಡುವ ಅಕ್ಷರ ಬೇಡ. ಮೊಬೈಲು ಕನ್ನಡವನ್ನೂ ಗಟ್ಟಿಯಾಗಿ ಓದಿ ಹೇಳುತ್ತದೆ. ಕೇಳಿ ಕಲಿಯುವುದು ನಮ್ಮವರಿಗೆ ಹೊಸದೇನಲ್ಲ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ನಿರ್ದಿಷ್ಟ ಕಲಿಕಾ ನ್ಯೂನತೆಯನ್ನೂ ಒಳಗೊಂಡಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಪರೀಕ್ಷಿಸುತ್ತಾರೆ. ಪ್ರಮಾಣಪತ್ರವಿದ್ದರೆ ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚಿನ ಸಮಯ ಕೇಳಬಹುದು. ಪರೀಕ್ಷೆ ಹತ್ತಿರ ಬಂದಾಗ ಓಡಾಡಬೇಡಿ, ಮಗು ಎಂಟನೇ ತರಗತಿಯಲ್ಲಿರುವಾಗಲೇ ಕರೆದುಕೊಂಡು ಹೋಗಿ.