ಒಂಟಿ ಓಟ, ಜೊತೆಯ ಆಟ



'ನಾಳೆಯಿಂದ ದಿನವೂ ಬೆಳಿಗ್ಗೆ ಐದಕ್ಕೆ ಎದ್ದು ಓಡುತ್ತೇನೆ' ಎಂದು ನೀವು ಎಂದಾದರೂ ನಿಶ್ಚಯ ಮಾಡಿದ್ದೀರಾ? ಮಾಡಿದ್ದರೆ ಅದು ಎಷ್ಟು ದಿನ ನಡೆಯಿತು? ನಾಚಿಕೊಳ್ಳಬೇಡಿ. ನನ್ನದು ಹದಿನೇಳು ದಿನ ನಡೆಯಿತು.

ಆಗ ನನಗೆ ನಲವತ್ತೆರಡು. ರಕ್ತದ ಒತ್ತಡ ನೋಡಿದ ವೈದ್ಯರು ವ್ಯಾಯಾಮ ಮಾಡಲೇಬೇಕೆಂದರು. ಹೊಸ ಬೂಟು ಕೊಂಡೆ. ಮೊದಲ ವಾರ ಉತ್ಸಾಹದಿಂದ ಓಡಿದೆ. ಎರಡನೆಯ ವಾರ ಓಡುವುದಕ್ಕಿಂತ ಹೆಚ್ಚಾಗಿ ಕೈಗಡಿಯಾರ ನೋಡಿದೆ. ಮೂರನೆಯ ವಾರ ಒಂದು ದಿನ ಮಳೆ ಬಂತು. ಮಳೆ ನಿಂತ ಮೇಲೂ ನಾನು ಓಡಲಿಲ್ಲ.

ಕೆಲವು ದಿನಗಳ ನಂತರ ರಜೆಗೆಂದು ನನ್ನೂರು ಸೋಮವಾರಪೇಟೆಗೆ ಹೋಗಿದ್ದೆ. ಸಂಜೆ ಮೈದಾನದ ಅಂಚಿನಲ್ಲಿ ನಿಂತು ಹುಡುಗರ ಹಾಕಿ ಆಟ ನೋಡುತ್ತಿದ್ದಾಗ ಅವರಲ್ಲೊಬ್ಬ ಓಡಿಬಂದು ಕೇಳಿದ: "ಸಾರ್, ನಮ್ಮ ಕಡೆ ಒಬ್ಬ ಕಮ್ಮಿ ಇದ್ದಾನೆ. ಬ್ಯಾಕ್ ನಿಲ್ತೀರಾ?" ಸುಮ್ಮನೆ ನಿಲ್ಲುವುದು ತಾನೇ ಎಂದು ಒಪ್ಪಿದೆ. ಸುಮ್ಮನೆ ನಿಲ್ಲಲು ಯಾರು ಬಿಡುತ್ತಾರೆ? ಕತ್ತಲಾಗಿ ಚೆಂಡು ಕಾಣದೆ ಆಟ ನಿಂತಾಗಲೇ ನನಗೆ ಗಡಿಯಾರದ ನೆನಪಾದದ್ದು. ಒಂದು ಗಂಟೆಗೂ ಹೆಚ್ಚು ಹೊತ್ತು ಓಡಿದ್ದೆ! ಮರುದಿನ ಮೈಕೈ ನೋವು. ಆದರೂ ಸಂಜೆ ನಾಲ್ಕಕ್ಕೇ ಮೈದಾನದಲ್ಲಿದ್ದೆ.

ಓಡಿದ ಕಾಲು ಅದೇ, ಬಡಿದ ಹೃದಯವೂ ಅದೇ. ಹಾಗಾದರೆ ಬದಲಾದದ್ದೇನು? ವಿಜ್ಞಾನ ಓದಿದವನಾದ ನನಗೆ ಈ ಪ್ರಶ್ನೆ ಕಾಡತೊಡಗಿತು.

ಒಬ್ಬರೇ ಓಡುವಾಗ ನಮ್ಮ ಗಮನವೆಲ್ಲ ನಮ್ಮ ಮೇಲೆಯೇ ಇರುತ್ತದೆ. ಏದುಸಿರು, ಕಾಲುನೋವು, ಇನ್ನೆಷ್ಟು ದೂರ ಎಂಬ ಲೆಕ್ಕ. ಆಟದಲ್ಲಿ ಗಮನ ಚೆಂಡಿನ ಮೇಲೆ, ಎದುರಾಳಿಯ ಮೇಲೆ, ಪಾಸ್‌ಗಾಗಿ ಕಾದಿರುವ ಗೆಳೆಯನ ಮೇಲೆ ಇರುತ್ತದೆ. ಆಯಾಸ ಇರುತ್ತದೆ, ಅದನ್ನು ಎಣಿಸುತ್ತ ಕೂರಲು ಪುರುಸೊತ್ತು ಇರುವುದಿಲ್ಲ.

ಜೊತೆಗಾರರಿದ್ದರೆ ಶಕ್ತಿ ಹೆಚ್ಚುತ್ತದೆ ಎಂಬ ಮಾತು ಹಳೆಯದು. 1898ರಲ್ಲಿ ಅಮೆರಿಕದ ನಾರ್ಮನ್ ಟ್ರಿಪ್ಲೆಟ್ ಎಂಬ ವಿಜ್ಞಾನಿ ಸೈಕಲ್ ಪಂದ್ಯಗಳ ದಾಖಲೆಗಳನ್ನು ಪರಿಶೀಲಿಸಿದರು. ಒಬ್ಬರೇ ಕಾಲದೊಂದಿಗೆ ಸೆಣಸುವವರಿಗಿಂತ ಇತರರೊಡನೆ ಓಡಿಸುವವರು ಹೆಚ್ಚು ವೇಗವಾಗಿ ಸಾಗುತ್ತಿದ್ದುದು ಅವರಿಗೆ ಕಂಡುಬಂತು. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ 12 ಮಂದಿ ದೋಣಿ ಹುಟ್ಟುಗಾರರ ಮೇಲೆ ನಡೆದ ಒಂದು ಪ್ರಯೋಗದ ವರದಿ 2009ರಲ್ಲಿ ಪ್ರಕಟವಾಯಿತು. ಯಂತ್ರದ ಮೇಲೆ ಒಬ್ಬೊಬ್ಬರೇ ಹುಟ್ಟು ಹಾಕಿದಾಗಿಗಿಂತ ತಂಡವಾಗಿ ಒಂದೇ ಲಯದಲ್ಲಿ ಹಾಕಿದ ಮೇಲೆ ಅವರ ನೋವು ಸಹಿಸುವ ಶಕ್ತಿ ಹೆಚ್ಚಾಗಿತ್ತು. ಮಿದುಳಿನಲ್ಲಿ ಸ್ರವಿಸುವ ಎಂಡಾರ್ಫಿನ್ ಎಂಬ ವಸ್ತು ಇದಕ್ಕೆ ಕಾರಣವಿರಬೇಕೆಂದು ಸಂಶೋಧಕರು ಊಹಿಸಿದರು. ಹನ್ನೆರಡೇ ಜನರ ಪ್ರಯೋಗವಾದ್ದರಿಂದ ಅದನ್ನೇ ಕೊನೆಯ ಮಾತೆಂದು ತಿಳಿಯಬೇಕಿಲ್ಲ.

ಇನ್ನೊಂದು ಅಧ್ಯಯನ ಡೆನ್ಮಾರ್ಕಿನದು. ಕೋಪನ್‌ಹೇಗನ್ ನಗರದ 8,577 ಮಂದಿಯನ್ನು 25 ವರ್ಷಗಳವರೆಗೆ ಗಮನಿಸಿದ ವರದಿ 2018ರಲ್ಲಿ ಪ್ರಕಟವಾಯಿತು. ವ್ಯಾಯಾಮವಿಲ್ಲದವರಿಗೆ ಹೋಲಿಸಿದರೆ ಟೆನಿಸ್ ಆಡುವವರ ಆಯುಷ್ಯ 9.7 ವರ್ಷ, ಬ್ಯಾಡ್ಮಿಂಟನ್ ಆಡುವವರದು 6.2 ವರ್ಷ, ಫುಟ್‌ಬಾಲ್ ಆಡುವವರದು 4.7 ವರ್ಷ ಹೆಚ್ಚೆಂದು ಲೆಕ್ಕಕ್ಕೆ ಬಂತು. ನಿಧಾನ ಓಟದವರದು 3.2 ವರ್ಷ. ಆದರೆ ಇಲ್ಲಿ ಎಚ್ಚರವಿರಲಿ. ಟೆನಿಸ್ ಆಡುವವರು ಅನುಕೂಲಸ್ಥರೂ ಆಗಿರಬಹುದು, ಮೊದಲೇ ಆರೋಗ್ಯವಂತರೂ ಆಗಿರಬಹುದು. ಆಟದಿಂದಲೇ ಆಯುಷ್ಯ ಬೆಳೆಯಿತೆಂದು ಈ ಲೆಕ್ಕ ಸಾಧಿಸುವುದಿಲ್ಲ. ಆದರೂ ಪಟ್ಟಿಯ ಮೇಲಿನ ಮೂರೂ ಸ್ಥಾನ ಜೊತೆಗಾರರು ಬೇಕಾಗುವ ಆಟಗಳಿಗೇ ಸಿಕ್ಕಿರುವುದು ಯೋಚಿಸಬೇಕಾದ ವಿಷಯ.

ದೇಹಕ್ಕೂ ಆಟದ ರೀತಿಯೇ ಬೇರೆ. ಕಬಡ್ಡಿಯನ್ನು ನೋಡಿ. ದಾಳಿಗೆ ಹೋದವನಿಗೆ 30 ಸೆಕೆಂಡು. ಅಷ್ಟರಲ್ಲಿ ಮುನ್ನುಗ್ಗಬೇಕು, ಬಾಗಬೇಕು, ತಿರುಗಬೇಕು, ಜಿಗಿದು ಗೆರೆ ಮುಟ್ಟಬೇಕು. ಆಮೇಲೆ ಸ್ವಲ್ಪ ವಿರಾಮ. ಮತ್ತೆ ಹೋರಾಟ. ಹೀಗೆ ಹೃದಯದ ಬಡಿತ ಏರಿ ಇಳಿದು ಏರುತ್ತದೆ. ತರಬೇತುದಾರರು ಓಟಗಾರರಿಂದ ಬಲವಂತವಾಗಿ ಮಾಡಿಸುವ ಏರಿಳಿತದ ವ್ಯಾಯಾಮವನ್ನು ಕಬಡ್ಡಿ, ಖೋಖೋ, ಹಾಕಿಗಳು ತಾವಾಗಿ ಮಾಡಿಸುತ್ತವೆ. ಜಿಗಿತ, ತಿರುವುಗಳು ನಿಮ್ಮ ವಯಸ್ಸಿನಲ್ಲಿ ಮೂಳೆಗಳನ್ನು ಗಟ್ಟಿಗೊಳಿಸುತ್ತವೆ. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಚುರುಕಾದ ದೈಹಿಕ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಒಂಟಿಯಾಗಿ ಅರವತ್ತು ನಿಮಿಷ ಕಳೆಯುವುದು ಎಷ್ಟು ಕಷ್ಟ, ಆಟದಲ್ಲಿ ಎಷ್ಟು ಸುಲಭ!

'ಆಟವೇನೋ ಸರಿ, ಪೈಪೋಟಿ ಏಕೆ?' ಎಂದು ನೀವು ಕೇಳಬಹುದು. ಇದಕ್ಕೆ ಉತ್ತರವಾಗಿ ನನ್ನದೊಂದು ತಪ್ಪನ್ನು ಹೇಳಬೇಕು.

ನಮ್ಮೂರು ಹಾಕಿಯ ಊರು. 1975ರಲ್ಲಿ ಕೌಲಾಲಂಪುರದಲ್ಲಿ ವಿಶ್ವಕಪ್ ಗೆದ್ದ ಭಾರತ ತಂಡದಲ್ಲಿದ್ದ ಬಿ.ಪಿ. ಗೋವಿಂದ ಹುಟ್ಟಿದ್ದು ಸೋಮವಾರಪೇಟೆಯಲ್ಲಿ. 2012 ಮತ್ತು 2016ರ ಒಲಿಂಪಿಕ್ಸ್‌ಗಳಲ್ಲಿ ಆಡಿದ, 2014ರ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದ ಎಸ್.ವಿ. ಸುನಿಲ್ ಕೂಡ ಇಲ್ಲಿಯವರೇ. ಇಂಥ ಊರಿನಲ್ಲಿ ಬೆಳೆದ ನನಗೂ ದೊಡ್ಡ ಕನಸಿತ್ತು. ಹತ್ತನೆಯ ತರಗತಿಯಲ್ಲಿ ಶಾಲಾ ತಂಡದ ಪಟ್ಟಿ ಅಂಟಿಸಿದರು. ಅದರಲ್ಲಿ ನನ್ನ ಹೆಸರಿರಲಿಲ್ಲ. ಅಂದು ಸಂಜೆಯೇ ನನ್ನ ಕೋಲನ್ನು ಅಟ್ಟಕ್ಕೆ ಎಸೆದೆ. ಓದು ಹಾಳಾಗುತ್ತದೆಂದು ಬಿಟ್ಟೆ ಎಂದು ಮನೆಯವರಿಗೆ ಹೇಳಿದೆ. ನಿಜವಾದ ಕಾರಣ ಬೇರೆ. ಆಟವಿರುವುದು ಗೆಲ್ಲುವವರಿಗೆ, ಆಯ್ಕೆಯಾದವರಿಗೆ ಮಾತ್ರ ಎಂದು ತಿಳಿದಿದ್ದೆ. ಆ ತಪ್ಪು ತಿಳಿವಳಿಕೆಗೆ ನಾನು ತೆತ್ತ ಬೆಲೆ ಇಪ್ಪತ್ತೇಳು ವರ್ಷ.

ನನ್ನ ತಪ್ಪಿಗೆ ಉತ್ತರ ನಮ್ಮ ಜಿಲ್ಲೆಯಲ್ಲೇ ಇತ್ತು. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಗ್ರಾಮದಲ್ಲಿ ಕೊಡವ ಕುಟುಂಬಗಳ ನಡುವೆ ಹಾಕಿ ಪಂದ್ಯಾವಳಿ ಆರಂಭಿಸಿದರು. ಮೊದಲ ವರ್ಷ ಬಂದದ್ದು 60 ತಂಡ. 2024ರಲ್ಲಿ ಕುಂಡ್ಯೋಳಂಡ ಕುಟುಂಬ ನಾಪೋಕ್ಲುವಿನಲ್ಲಿ ನಡೆಸಿದ ಪಂದ್ಯಾವಳಿಗೆ 360 ತಂಡಗಳು ನೋಂದಾಯಿಸಿದವು. ಗಿನ್ನೆಸ್ ದಾಖಲೆಯೂ ಆಯಿತು. ಇಲ್ಲಿ ತಂಡವೆಂದರೆ ಮನೆತನ. ಒಲಿಂಪಿಕ್ಸ್ ಆಡಿದವರು ಇಳಿಯುವ ಮೈದಾನದಲ್ಲೇ ತಲೆ ನರೆತ ಹಿರಿಯರು, ಹೆಣ್ಣುಮಕ್ಕಳು, ಶಾಲೆಗೆ ಹೋಗುವ ಹುಡುಗರು ಒಂದೇ ತಂಡದಲ್ಲಿ ಆಡುತ್ತಾರೆ. 360 ತಂಡಗಳಲ್ಲಿ ಕಪ್ ಒಂದಕ್ಕೆ. ಉಳಿದ 359 ಮನೆತನಗಳು ಸೋತೇ ಹಿಂತಿರುಗಬೇಕು. ಸೋಲು ಇಷ್ಟು ಖಚಿತವಿದ್ದರೂ ಜನ ಬರುತ್ತಾರೆಂದರೆ ಗೆಲುವಿಗಿಂತ ಹೆಚ್ಚಿನದೇನೋ ಅಲ್ಲಿದೆ ಎಂದಾಯಿತು.

ಎದುರಾಳಿ ಶತ್ರುವಲ್ಲ. ನಾನು ಒಬ್ಬನೇ ಎಂದೂ ಓಡದಷ್ಟು ವೇಗವಾಗಿ ನನ್ನನ್ನು ಓಡಿಸುವವನು ಅವನು. ಪೈಪೋಟಿ ಇಲ್ಲದಿದ್ದರೆ ಆಟದ ಬಿಸಿಯೇ ಇರದು. ಆದರೆ ಸೋತವನನ್ನು ಗೇಲಿ ಮಾಡುವ, ಆಡಲು ಬಾರದವನನ್ನು ಹೊರಗೆ ನಿಲ್ಲಿಸುವ ಪೈಪೋಟಿ ಆಟವನ್ನೇ ಕೊಲ್ಲುತ್ತದೆ.

ಒಂಟಿ ವ್ಯಾಯಾಮವನ್ನು ನಾನು ಹಳಿಯುತ್ತಿಲ್ಲ. ಒಬ್ಬರೇ ನಡೆಯುವುದರಲ್ಲಿ, ಯೋಗಾಸನದಲ್ಲಿ ಸುಖ ಕಾಣುವವರು ಅದನ್ನೇ ಮುಂದುವರಿಸಲಿ. ನನ್ನಂತೆ ಹದಿನೇಳನೆಯ ದಿನ ನಿಲ್ಲಿಸುವವರಿಗೆ ಈ ಮಾತು.

ಏನು ಮಾಡಬಹುದು? ಕಬಡ್ಡಿಗೆ ಗೆರೆ ಎಳೆದ ನೆಲ ಸಾಕು. ಖೋಖೋಗೂ ಅಷ್ಟೇ. ಎರಡು ಬ್ಯಾಟು, ಒಂದು ಹಗ್ಗ ಇದ್ದರೆ ಷಟಲ್ ಆಡಬಹುದು. ಹೆಚ್ಚುಕಡಿಮೆ ಸಮಬಲದವರೊಡನೆ ಆಡಿ. ಸದಾ ಗೆಲ್ಲುವ ಆಟವೂ ಸದಾ ಸೋಲುವ ಆಟವೂ ಬೇಗ ಬೇಸರ ತರುತ್ತವೆ. ತಂಡಗಳನ್ನು ವಾರಕ್ಕೊಮ್ಮೆ ಬದಲಾಯಿಸಿ. ಆಡುವ ಮುನ್ನ ಹತ್ತು ನಿಮಿಷ ಮೈ ಬಿಸಿ ಮಾಡಿಕೊಳ್ಳಿ. ನೋವಾದರೆ ಹಟ ಮಾಡದೆ ವಿಶ್ರಾಂತಿ ಪಡೆಯಿರಿ.

ಕೊನೆಯದಾಗಿ ಒಂದು ವಿನಂತಿ. ಇಂದು ಸಂಜೆ ನೀವು ಆಡುವಾಗ ಮೈದಾನದ ಅಂಚಿನಲ್ಲಿ ಯಾರಾದರೂ ಸುಮ್ಮನೆ ನಿಂತು ನೋಡುತ್ತಿರಬಹುದು. ಪಟ್ಟಿಯಲ್ಲಿ ಹೆಸರಿಲ್ಲದ ಸಹಪಾಠಿಯೋ, ಕರೆದರೆ ಬರಲು ನಾಚುವ ಹುಡುಗಿಯೋ, ಹೊಟ್ಟೆ ಬೆಳೆಸಿಕೊಂಡ ನನ್ನಂಥವರೋ ಇರಬಹುದು. ನಿಮ್ಮ ತಂಡದಲ್ಲಿ ಎಲ್ಲರೂ ಇದ್ದರೂ ಪರವಾಗಿಲ್ಲ, ಒಂದು ಸುಳ್ಳು ಹೇಳಿ: "ನಮ್ಮ ಕಡೆ ಒಬ್ಬರು ಕಮ್ಮಿ ಇದ್ದಾರೆ, ಬರ್ತೀರಾ?"